ಎವರೆಸ್ಟ್ ಎತ್ತರವನ್ನು ಜಾರ್ಜ್ ಎವರೆಸ್ಟ್ ಅಳೆದರೇ? ರಾಧಾನಾಥ್ ಸಿಕ್ದಾರ್ ಕಥೆ

ಎವರೆಸ್ಟ್ ಶಿಖರದ ಎತ್ತರ ಅಳೆದವರು ಜಾರ್ಜ್ ಎವರೆಸ್ಟ್ ಎಂದು ಹಲವರು ನಂಬಿದ್ದಾರೆ. ಇದು ತಪ್ಪು. ಅವರು 1843ರಲ್ಲೇ ನಿವೃತ್ತರಾಗಿದ್ದರು. ಆ ಲೆಕ್ಕದ ಹಿಂದಿದ್ದ ಪ್ರಮುಖ ಗಣಿತಜ್ಞ ರಾಧಾನಾಥ್ ಸಿಕ್ದಾರ್.

1813ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿದ ಅವರು ಹಿಂದೂ ಕಾಲೇಜಿನಲ್ಲಿ ಓದಿ, 1831ರಲ್ಲಿ ಬ್ರಿಟಿಷರ ಸರ್ವೇ ಇಲಾಖೆಗೆ ‘ಕಂಪ್ಯೂಟರ್’ ಆಗಿ ಸೇರಿದರು. ಆಗ ಕಂಪ್ಯೂಟರ್ ಎಂದರೆ ಯಂತ್ರವಲ್ಲ, ಲೆಕ್ಕ ಹಾಕುವ ಮನುಷ್ಯ! 1843ರಲ್ಲಿ ಇಲಾಖೆಯ ಕೂಲಿಗಳನ್ನು ಅಕ್ರಮವಾಗಿ ದುಡಿಸಿಕೊಂಡ ಬ್ರಿಟಿಷ್ ಮ್ಯಾಜಿಸ್ಟ್ರೇಟ್‌ಗೆ ಎದುರು ನಿಂತು 200 ರೂಪಾಯಿ ದಂಡ ತೆತ್ತರು.

ಎತ್ತರ ಅಳೆದದ್ದು ಹೇಗೆ? ಸರ್ವೇಯರುಗಳಿಗೆ ನೇಪಾಳದೊಳಗೆ ಪ್ರವೇಶವಿರಲಿಲ್ಲ. ಹಾಗಾಗಿ 160 ಕಿ.ಮೀ.ಗೂ ದೂರದ ಬಯಲಿನಿಂದ ಥಿಯೊಡೊಲೈಟ್‌ನಲ್ಲಿ ಕೋನಗಳನ್ನು ಅಳೆದರು. ಆದರೆ ಗಾಳಿಯಲ್ಲಿ ಬೆಳಕು ಬಾಗುವುದರಿಂದ ದೂರದ ಶಿಖರ ಇರುವುದಕ್ಕಿಂತ ಎತ್ತರವಾಗಿ ಕಾಣುತ್ತದೆ. ಆ ತಪ್ಪನ್ನು ಕಳೆದು ಲೆಕ್ಕ ಹಾಕಬೇಕಿತ್ತು. 1856ರಲ್ಲಿ ಪ್ರಕಟವಾದ ಎತ್ತರ 29,002 ಅಡಿ, ಅಂದರೆ ಸುಮಾರು 8,840 ಮೀಟರ್. ಇಂದಿನ ಅಧಿಕೃತ ಎತ್ತರ 8,848.86 ಮೀಟರ್. ವ್ಯತ್ಯಾಸ ಬರೀ 9 ಮೀಟರ್!

ಲೆಕ್ಕ ಮುಗಿದೊಡನೆ ಸಿಕ್ದಾರ್ ಮೇಲಧಿಕಾರಿಯ ಕೋಣೆಗೆ ಓಡಿಬಂದು ಸುದ್ದಿ ಹೇಳಿದರು ಎಂಬುದು ದಂತಕಥೆ. ಅವರು 1849ರಿಂದ ಕಲ್ಕತ್ತಾದಲ್ಲಿದ್ದರು. ಮೇಲಧಿಕಾರಿ ಆಂಡ್ರ್ಯೂ ವಾ ಅವರ ಕಚೇರಿ ಡೆಹ್ರಾಡೂನ್‌ನಲ್ಲಿತ್ತು. ಇದು ಒಂದು ದಿನದ ಶೋಧವೂ ಅಲ್ಲ, ಒಬ್ಬರ ಕೆಲಸವೂ ಅಲ್ಲ. ಹಲವರ ವರ್ಷಗಳ ದುಡಿಮೆ.

1865ರಲ್ಲಿ ಶಿಖರಕ್ಕೆ ಎವರೆಸ್ಟ್ ಹೆಸರು ನಿಂತಿತು. ಸಿಕ್ದಾರ್ 1870ರಲ್ಲಿ ತೀರಿಕೊಂಡರು. ಸರ್ವೇ ಕೈಪಿಡಿಯ ಕಠಿಣ ಗಣಿತ ಭಾಗಗಳನ್ನು ಬರೆದದ್ದು ಅವರೇ. ಆದರೂ 1875ರ ಆವೃತ್ತಿಯಲ್ಲಿ ಅವರ ಹೆಸರನ್ನೇ ಕೈಬಿಡಲಾಯಿತು. 2004ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು.