ಸೈಕಲ್ ಕಡ್ಡಿಗಳು ಓರೆಯಾಗಿರುವುದೇಕೆ? ಜೇಮ್ಸ್ ಸ್ಟಾರ್ಲಿಯ ಬದುಕು

ಗುಂಡ್ಲುಪೇಟೆಯಿಂದ ಹಂಗಳ ದಾಟಿ ಬಂಡೀಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಎರಡು ಬಗೆಯ ಸೈಕಲ್‌ಗಳು ಕಾಣುತ್ತವೆ. ಹುಲ್ಲಿನ ಹೊರೆಯನ್ನೋ ಹಾಲಿನ ಕ್ಯಾನನ್ನೋ ಹೊತ್ತ ಹಳೆಯ ಸೈಕಲ್ ಒಂದು, ಬಾಗಿದ ಹ್ಯಾಂಡಲ್ ಮತ್ತು ಸಪೂರ ಟೈರಿನ ರೋಡ್ ಬೈಕ್ ಇನ್ನೊಂದು. ಎರಡರಲ್ಲೂ ಹಿಂದಿನ ಚಕ್ರದ ಕಡ್ಡಿಗಳು ಒಂದನ್ನೊಂದು ದಾಟಿ ಓರೆಯಾಗಿ ಹೋಗುತ್ತವೆ. ಇದು ಬರೀ ಅಂದಕ್ಕೆ ಎಂದುಕೊಂಡರೆ ತಪ್ಪು. ಈ ಓರೆಯ ಜೋಡಣೆಗೆ 1874ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ.

ಸ್ಟಾರ್ಲಿ ಹುಟ್ಟಿದ್ದು 1830ರಲ್ಲಿ, ಸಸೆಕ್ಸ್‌ನ ಆಲ್ಬೋರ್ನ್ ಎಂಬ ಹಳ್ಳಿಯ ರೈತನ ಮನೆಯಲ್ಲಿ. ಹದಿಹರೆಯದಲ್ಲೇ ಮನೆ ಬಿಟ್ಟು ಲಂಡನ್ ಕಡೆಗೆ ಹೋದ. ಹಡಗಿನ ಎಂಜಿನ್ ತಯಾರಿಸುತ್ತಿದ್ದ ಜಾನ್ ಪೆನ್ ಎಂಬಾತನ ಮನೆಯಲ್ಲಿ ತೋಟದ ಕೆಲಸಕ್ಕೆ ಸೇರಿದ. ಬಿಡುವಿನಲ್ಲಿ ಗಡಿಯಾರ ರಿಪೇರಿ, ಸಣ್ಣಪುಟ್ಟ ಯಂತ್ರಗಳ ತಯಾರಿಕೆ. ಧಣಿಯ ಮನೆಯ ಹೊಲಿಗೆ ಯಂತ್ರ ಕೆಟ್ಟಾಗ ಅದನ್ನು ಬಿಚ್ಚಿ ಸರಿಮಾಡಿದ್ದಲ್ಲದೆ, ಇನ್ನೂ ಚೆನ್ನಾಗಿ ಮಾಡುವ ದಾರಿಯನ್ನೂ ಕಂಡುಕೊಂಡ. ಪೆನ್ ಅವನನ್ನು ಆ ಯಂತ್ರ ತಯಾರಿಸುವವರ ಬಳಿಗೇ ಕಳಿಸಿದ. ಅಲ್ಲಿ ಪರಿಚಯವಾದ ಜೋಸಾಯ ಟರ್ನರ್ ಜೊತೆ ಸ್ಟಾರ್ಲಿ ಕೊವೆಂಟ್ರಿಗೆ ಹೋಗಿ ಹೊಲಿಗೆ ಯಂತ್ರದ ಕಾರ್ಖಾನೆ ತೆರೆದ.

1868ರಲ್ಲಿ ಟರ್ನರ್‌ನ ಅಣ್ಣನೋ ತಮ್ಮನೋ ಆದವರ ಮಗ ರೌಲಿ ಪ್ಯಾರಿಸ್‌ನಿಂದ ಒಂದು ಸೈಕಲ್ ತಂದ. ಮರದ ಚಕ್ರ, ಕಬ್ಬಿಣದ ಪಟ್ಟಿ, ಮೈ ಕುಲುಕುವ ಸವಾರಿ. ಕಾರ್ಖಾನೆ ಸೈಕಲ್ ಮಾಡತೊಡಗಿತು.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ತಿದ್ದಬೇಕು. ತಂತಿ ಕಡ್ಡಿಯ ಚಕ್ರವನ್ನು ಕಂಡುಹಿಡಿದದ್ದೇ ಸ್ಟಾರ್ಲಿ ಎಂದು ಹಲವೆಡೆ ಬರೆಯುತ್ತಾರೆ. ಅದರ ಕಲ್ಪನೆ ಜಾರ್ಜ್ ಕೇಲಿಗೆ 1808ರಲ್ಲೇ ಬಂದಿತ್ತು. ಪ್ಯಾರಿಸ್‌ನ ಯೂಜೀನ್ ಮೇಯರ್ 1869ರಲ್ಲಿ ಸೈಕಲ್ಲಿಗೆ ಅಂಥ ಚಕ್ರ ಮಾಡಿ ಪೇಟೆಂಟ್ ಪಡೆದಿದ್ದ. ಮರುವರ್ಷ ಸ್ಟಾರ್ಲಿ ಮತ್ತು ವಿಲಿಯಂ ಹಿಲ್‌ಮನ್ ಏರಿಯಲ್ ಎಂಬ ಲೋಹದ ಸೈಕಲ್ಲಿಗೆ ಪೇಟೆಂಟ್ ಪಡೆದರು. ಸ್ಟಾರ್ಲಿಯ ನಿಜವಾದ ಹೆಚ್ಚುಗಾರಿಕೆ ಇರುವುದು ಆಮೇಲೆ ಬಂದ ಓರೆಯಲ್ಲಿ.

ಎತ್ತಿನ ಗಾಡಿಯ ಮರದ ಚಕ್ರದಲ್ಲಿ ಭಾರ ನಿಲ್ಲುವುದು ನೆಲದ ಕಡೆಗಿರುವ ಮರದ ತುಂಡಿನ ಮೇಲೆ, ಕಂಬದ ಮೇಲೆ ತೊಲೆ ಕೂತ ಹಾಗೆ. 2 ಮಿ.ಮೀ. ದಪ್ಪದ ತಂತಿಯನ್ನು ಕಂಬದಂತೆ ನಿಲ್ಲಿಸಿ ಒತ್ತಿದರೆ ಅದು ಬಾಗಿಹೋಗುತ್ತದೆ. ಎಳೆದರೆ ಮಾತ್ರ ಗಟ್ಟಿ. ಹಾಗಾಗಿ ಎಲ್ಲಾ ಕಡ್ಡಿಗಳನ್ನೂ ಮೊದಲೇ ಬಿಗಿದಿಡುತ್ತಾರೆ. ರೋಡ್ ಬೈಕಿನ ಹಿಂದಿನ ಚಕ್ರದ ಗೇರ್ ಬದಿಯಲ್ಲಿ ಒಂದೊಂದು ಕಡ್ಡಿಯ ಎಳೆತ ಸುಮಾರು 100 ಕಿಲೋ ತೂಕ ನೇತುಹಾಕಿದಷ್ಟಿರುತ್ತದೆ. ನಾವು ಕೂತಾಗ ನೆಲದ ಬಳಿಯ ನಾಲ್ಕಾರು ಕಡ್ಡಿಗಳ ಬಿಗಿ ಕೊಂಚ ಇಳಿಯುತ್ತದೆ, ಉಳಿದವುಗಳಲ್ಲಿ ಹೆಚ್ಚು ಬದಲಾವಣೆ ಇಲ್ಲ. ಭಾರ ಹೊರುವ ಬಗೆ ಅದು.

ಆದರೆ ಪೆಡಲ್ ತುಳಿದಾಗ ಹಬ್ ತಿರುಚುತ್ತದೆ. ಕಡ್ಡಿಗಳು ನೇರವಾಗಿದ್ದರೆ ಹಬ್ ಸ್ವಲ್ಪ ತಿರುಗಿದ ಮೇಲಷ್ಟೇ ರಿಮ್ಮನ್ನು ಎಳೆಯಬಲ್ಲದು, ಅಷ್ಟರಲ್ಲಿ ಕಡ್ಡಿಗಳ ಮೇಲೆ ವಿಪರೀತ ಒತ್ತಡ. ಸ್ಟಾರ್ಲಿ ಕಡ್ಡಿಗಳನ್ನು ಹಬ್ಬಿನ ಅಂಚಿಗೆ ತಾಗಿದಂತೆ ಓರೆಯಾಗಿ ಕೂರಿಸಿದ. ಅರ್ಧದಷ್ಟು ಮುಂದಕ್ಕೆ, ಅರ್ಧದಷ್ಟು ಹಿಂದಕ್ಕೆ. ತುಳಿತದ ಬಲ ನೇರವಾಗಿ ರಿಮ್ಮಿಗೆ ಹೋಯಿತು. ಇವತ್ತಿನ ಅತಿ ಅಗ್ಗದ ರೋಡ್ ಬೈಕಿನಲ್ಲೂ ಅದೇ ಲೆಕ್ಕ: ಅಲ್ಯುಮಿನಿಯಂ ರಿಮ್, ಹೆಚ್ಚಾಗಿ 28 ಇಲ್ಲವೇ 32 ಸ್ಟೀಲ್ ಕಡ್ಡಿ, ಹಿತ್ತಾಳೆಯ ನಿಪ್ಪಲ್, ಹಲವು ಹಬ್‌ಗಳಲ್ಲಿ ಗ್ರೀಸಿನಲ್ಲಿ ಉರುಳುವ ಬಿಡಿ ಗುಂಡುಗಳು ಮತ್ತು ಕೋನ್. ಬಿಚ್ಚಿ ತೊಳೆದು ಮತ್ತೆ ಕೂರಿಸಬಹುದಾದ ಈ ಹಬ್ಬನ್ನು ಅಗ್ಗವೆಂದು ಹಳಿಯುವುದು ನಮಗೆ ಸರಿ ಕಾಣುವುದಿಲ್ಲ.

ಅಗ್ಗದ ಚಕ್ರ ಸೋಲುವುದು ಹೆಚ್ಚಾಗಿ ಬಿಗಿಯಲ್ಲಿ. ಯಂತ್ರ ಹೆಣೆದ ಚಕ್ರದ ಕಡ್ಡಿಗಳು ಒಂದು ಬಿಗಿ, ಒಂದು ಸಡಿಲ ಆಗಿರಬಹುದು. ಚಕ್ರ ಒಂದು ಸುತ್ತು ತಿರುಗಿದರೆ ಸುಮಾರು 2.1 ಮೀಟರ್, 20 ಕಿ.ಮೀ. ಹೋದರೆ ಒಂಬತ್ತು ಸಾವಿರಕ್ಕೂ ಹೆಚ್ಚು ಸುತ್ತು. ಸಡಿಲ ಕಡ್ಡಿ ಅಷ್ಟು ಸಲವೂ ಹಬ್ಬಿನ ಬಳಿಯ ಬಾಗಿನಲ್ಲಿ ಮಡಿಸಿದಂತಾಗಿ ದಣಿದು ಒಂದು ದಿನ ಮುರಿಯುತ್ತದೆ. ಕಾಡಿನೊಳಗೆ ವಾಹನ ನಿಲ್ಲಿಸಲೇಬಾರದೆನ್ನುವ ಬಂಡೀಪುರದಂಥ ಕಡೆ ಹೊರಡುವ ಮುನ್ನ ಅಕ್ಕಪಕ್ಕದ ಕಡ್ಡಿಗಳನ್ನು ಬೆರಳಲ್ಲಿ ಮೀಟಿ ನೋಡಿ. ಒಂದೇ ಬದಿಯ ಕಡ್ಡಿಗಳ ಸದ್ದು ಹೆಚ್ಚುಕಡಿಮೆ ಒಂದೇ ಇರಬೇಕು. ಇಲ್ಲವಾದರೆ ಸೈಕಲ್ ಶಾಪಿನಲ್ಲಿ ಬೆಂಡ್ ತೆಗೆಸಿ, ಬಿಗಿ ಸಮ ಮಾಡಿಸಿ.

ಸ್ಟಾರ್ಲಿ ಮುಂದೆ ಮೂರು ಚಕ್ರದ ಸೈಕಲ್ಲಿನತ್ತ ಹೊರಳಿದ. ಪಕ್ಕದಲ್ಲಿ ಕೂತ ಮಗ ಜೋರಾಗಿ ತುಳಿದು ಗಾಡಿ ಪೊದೆಗೆ ನುಗ್ಗಿತೆಂದೂ, 1877ರ ಡಿಫರೆನ್ಶಿಯಲ್ ಗೇರು ಅದರಿಂದಲೇ ಹೊಳೆಯಿತೆಂದೂ ಒಂದು ಕತೆಯಿದೆ. ಬಂಡೀಪುರದ ಸಫಾರಿ ಜೀಪು ತಿರುವಿನಲ್ಲಿ ಸಲೀಸಾಗಿ ಹೊರಳುವುದು ಅದೇ ತತ್ವದಿಂದ. ಅವನ ಮೂರು ಚಕ್ರದ ಗಾಡಿಯನ್ನು ರಾಣಿ ವಿಕ್ಟೋರಿಯಾ ಕೂಡ ತರಿಸಿಕೊಂಡಳು.

1881ರ ಜೂನ್‌ನಲ್ಲಿ, 51ನೇ ವಯಸ್ಸಿನಲ್ಲಿ ಸ್ಟಾರ್ಲಿ ತೀರಿಕೊಂಡ. ನಾಲ್ಕು ವರ್ಷಗಳ ನಂತರ ಅವನ ಅಣ್ಣತಮ್ಮಂದಿರ ಪೈಕಿ ಒಬ್ಬರ ಮಗ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೈಕಲ್ ತಂದ. ಚೈನು ಹಿಂದಿನ ಚಕ್ರವನ್ನು ತಿರುಗಿಸತೊಡಗಿತು. ತುಳಿತದ ತಿರುಚು ಅಂದಿನಿಂದ ಹಿಂದಿನ ಹಬ್ಬಿನ ಪಾಲಾಯಿತು.