ಕಂಪ್ಯೂಟರ್ ಮೇಷ್ಟ್ರ ಹಿರಿಯಣ್ಣ ಪಂಜೆ ಮಂಗೇಶರಾಯರು

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ, ಈ ಮೂರು ಊರುಗಳ ಆಸುಪಾಸಿನಲ್ಲಿ ಇಂದು ಕಂಪ್ಯೂಟರ್ ವಿಜ್ಞಾನ ಕಲಿಸಿ ಬದುಕುವವರ ಸಂಖ್ಯೆ ಸಣ್ಣದೇನಲ್ಲ. ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಮತ್ತು ಮೂಡುಬಿದಿರೆ ಬಳಿಯ ಮಿಜಾರಿನಲ್ಲಿ ೨೦೦೭-೦೮ರ ಸುಮಾರಿಗೆ ಎಂಜಿನಿಯರಿಂಗ್ ಕಾಲೇಜುಗಳು ಬಾಗಿಲು ತೆರೆದವು. ಪದವಿಪೂರ್ವ ಕಾಲೇಜುಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜತೆಗೆ ಕಂಪ್ಯೂಟರ್ ವಿಜ್ಞಾನವೂ ಒಂದು ಐಚ್ಛಿಕ ವಿಷಯವಾಗಿ ನೆಲೆಯೂರಿತು. ವಿಷಯಕ್ಕೆ ಗೌರವ ಬಂದಷ್ಟು ಬೇಗ ಅದನ್ನು ಕಲಿಸುವವರಿಗೆ ಬರಲಿಲ್ಲ ಎಂಬುದು ಬೇರೆ ಮಾತು. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಗದೆ ಮೇಷ್ಟ್ರಾದವರು ಎಂದು ಅವರನ್ನು ಹಗುರವಾಗಿ ಕಾಣುವವರಿದ್ದಾರೆ. ಇತ್ತ ಅವರಿಗೂ ತಾವು ಎಂಜಿನಿಯರೋ ಅಧ್ಯಾಪಕರೋ ಎಂಬ ಪ್ರಶ್ನೆ ಆಗಾಗ ಎದುರಾಗುತ್ತದೆ.

ಇದೇ ಬಗೆಯ ಪ್ರಶ್ನೆಯನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಎದುರಿಸಿ, ಅದಕ್ಕೆ ತನ್ನ ಇಡೀ ಬದುಕಿನಿಂದ ಉತ್ತರ ಕೊಟ್ಟ ಒಬ್ಬ ಮೇಷ್ಟ್ರು ಬಂಟ್ವಾಳದಲ್ಲೇ ಹುಟ್ಟಿದ್ದರು. ಅವರೇ ಪಂಜೆ ಮಂಗೇಶರಾಯರು. ನಾಡು ಅವರನ್ನು ಮಕ್ಕಳ ಕವಿ ಎಂದು ನೆನೆಯುತ್ತದೆ. ಆದರೆ ಅವರು ಹೊಟ್ಟೆಪಾಡಿಗೆ ಮಾಡಿದ್ದು, ಮನಸ್ಸಿಟ್ಟು ಮಾಡಿದ್ದು ಅಧ್ಯಾಪನ. ಕವಿತೆಯೂ ಕಥೆಯೂ ಬಹುಪಾಲು ಆ ವೃತ್ತಿಯಿಂದಲೇ ಒಸರಿದವು.

ಮಂಗೇಶರಾಯರು ಜನಿಸಿದ್ದು ೧೮೭೪ರ ಫೆಬ್ರವರಿ ೨೨ರಂದು, ಸಾರಸ್ವತ ಕುಟುಂಬದಲ್ಲಿ. ಹಿರಿಯರ ಮೂಲ ಸುಬ್ರಹ್ಮಣ್ಯದ ಕಡೆಯ ಪಂಜ. ಮನೆತನದ ಹೆಸರು ಬಂದದ್ದು ಅಲ್ಲಿಂದ. ನೇತ್ರಾವತಿಯ ದಡದ ಬಂಟ್ವಾಳದಲ್ಲಿ ಬಾಲ್ಯ ಕಳೆಯಿತು. ಮೇಲಿನ ಓದಿಗೆ ಮಂಗಳೂರಿಗೆ ಹೋದರು. ಓದುತ್ತಿರುವಾಗಲೇ ತಂದೆ ರಾಮಪ್ಪಯ್ಯನವರು ತೀರಿಕೊಂಡರು. ಸಂಸಾರದ ಭಾರ ಹೆಗಲಿಗೆ ಬಿತ್ತು. ಬಡತನದ ಆ ದಿನಗಳಲ್ಲಿ ಅವರಿಗೆ ದೊರೆತ ಆಸರೆಯೆಂದರೆ ಮಂಗಳೂರು ಸರ್ಕಾರಿ ಕಾಲೇಜಿನ ಕನ್ನಡ ಪಂಡಿತರ ಹುದ್ದೆ. ಇಂದು ಹಂಪನಕಟ್ಟೆಯಲ್ಲಿ ವಿಶ್ವವಿದ್ಯಾನಿಲಯ ಕಾಲೇಜು ಎಂಬ ಹೆಸರಿನಿಂದ ನಡೆಯುತ್ತಿರುವುದು ಅದೇ ಕಾಲೇಜು.

ಆಗಿನ ಮದ್ರಾಸ್ ಪ್ರಾಂತ್ಯದಲ್ಲಿ ಪಂಡಿತ ಎಂಬ ಪದ ಕೇಳಲು ಭಾರವಾಗಿದ್ದರೂ ಹುದ್ದೆ ಹಗುರವೇ. ಇಂಗ್ಲಿಷ್, ಗಣಿತ ಹೇಳುವವರ ಮುಂದೆ ದೇಶಭಾಷೆಯ ಪಂಡಿತನ ಸಂಬಳವೂ ಕಡಿಮೆ, ಮರ್ಯಾದೆಯೂ ಕಡಿಮೆ. ಪಾಠದ ಪದ್ಧತಿ ಎಂದರೆ ಹಳಗನ್ನಡ ಪದ್ಯವನ್ನು ಓದಿಸುವುದು, ಅನ್ವಯ ಹೇಳುವುದು, ಅರ್ಥ ಬರೆಯಿಸುವುದು. ಹುಡುಗರ ಮನಸ್ಸು ಎಲ್ಲಿದೆ ಎಂದು ನೋಡುವ ಗೊಡವೆ ಯಾರಿಗೂ ಇರಲಿಲ್ಲ. ಪಂಜೆಯವರು ಈ ಹುದ್ದೆಯಲ್ಲಿ ಕುಳಿತು ಕೊರಗಬಹುದಿತ್ತು. ಅಥವಾ ಅದನ್ನು ಬೇರೆ ಒಳ್ಳೆಯ ಕೆಲಸಕ್ಕೆ ಮೆಟ್ಟಿಲು ಮಾಡಿಕೊಳ್ಳಬಹುದಿತ್ತು. ಅವರು ಎರಡನ್ನೂ ಮಾಡಲಿಲ್ಲ. ಕೆಲಸದಲ್ಲಿದ್ದುಕೊಂಡೇ ಬಿ.ಎ. ಮುಗಿಸಿದರು. ಮುಂದೆ ಅಧ್ಯಾಪಕರ ತರಬೇತಿಯ ಪದವಿಯಾದ ಎಲ್.ಟಿ.ಯನ್ನೂ ಪಡೆದರು.

ಈ ಎರಡನೆಯ ಪದವಿಯ ಬಗ್ಗೆ ಒಂದು ಮಾತು ಹೇಳಬೇಕು. ಕನ್ನಡ ಬಲ್ಲವನಿಗೆ ಕನ್ನಡ ಕಲಿಸಲು ಬಾರದೆ ಇರುತ್ತದೆಯೇ ಎಂಬ ಭಾವನೆ ಅಂದು ಸಾಮಾನ್ಯವಾಗಿತ್ತು. ಬಲ್ಲುದು ಬೇರೆ, ಕಲಿಸುವುದು ಬೇರೆ ಎಂದು ಒಪ್ಪಿಕೊಂಡು ಕಲಿಸುವ ವಿದ್ಯೆಯನ್ನೇ ಕಲಿಯಲು ಹೋದದ್ದು ಪಂಜೆಯವರ ವೃತ್ತಿನಿಷ್ಠೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಲು ಇಂದಿಗೂ ಬಿ.ಇಡಿ.ಯಂಥ ಬೋಧನಾ ಪದವಿ ಕಡ್ಡಾಯವಲ್ಲ. ಪ್ರೋಗ್ರಾಮ್ ಬರೆಯಬಲ್ಲವನು ಪ್ರೋಗ್ರಾಮ್ ಕಲಿಸಬಲ್ಲ ಎಂದು ನಂಬಿ ತರಗತಿಗೆ ಹೋದ ಯುವ ಅಧ್ಯಾಪಕರು ಮೊದಲ ಸೆಮಿಸ್ಟರಿನಲ್ಲೇ ಬೆವರುವುದನ್ನು ಈ ಭಾಗದ ಕಾಲೇಜುಗಳನ್ನು ಬಲ್ಲವರೆಲ್ಲ ಬಲ್ಲರು.

ಪಂಜೆಯವರ ಎದುರು ಇದ್ದ ಇನ್ನೊಂದು ಕೊರತೆ ಪಠ್ಯದ್ದು. ಸಣ್ಣ ಮಕ್ಕಳಿಗೆ ಹೇಳಿಕೊಡಲು ತಕ್ಕ ಕನ್ನಡ ಪದ್ಯಗಳು ಬೆರಳೆಣಿಕೆಯಷ್ಟೂ ಇರಲಿಲ್ಲ. ಇಂಗ್ಲಿಷ್ ಶಿಶುಗೀತೆಗಳು ಬಾಯಿಪಾಠವಾಗುತ್ತಿದ್ದವು, ಕನ್ನಡಕ್ಕೆ ಬಂದರೆ ಮಗು ಏಕಾಏಕಿ ಷಟ್ಪದಿಯ ಮುಂದೆ ನಿಲ್ಲಬೇಕು. ಇಲ್ಲದ್ದನ್ನು ಇಲ್ಲ ಎಂದು ದೂರುವ ಬದಲು ಅವರು ತಾವೇ ಬರೆಯತೊಡಗಿದರು. ನಾಗರಹಾವಿನ ಪದ್ಯ ಹಾಗೆ ಬಂದದ್ದು. ಬೆಳಗಾಗುವುದನ್ನು ಹೇಳುವ ಉದಯರಾಗ, ಕರಾವಳಿಯ ಬಿರುಗಾಳಿಯನ್ನು ಕಿವಿಗೆ ಕೇಳಿಸುವ ತೆಂಕಣ ಗಾಳಿಯಾಟ ಬಂದವು. ಶಾಲೆಗಳಿಗಾಗಿ ಕನ್ನಡ ಪದ್ಯಪುಸ್ತಕಗಳನ್ನು ಸಂಪಾದಿಸಿದರು. ಕವಿತೆಗಳಿಗೆ ಅವರು ಇಟ್ಟುಕೊಂಡ ಹೆಸರು ಕವಿಶಿಷ್ಯ. ಗುರುವಾಗಿದ್ದವರು ತಮ್ಮನ್ನು ಶಿಷ್ಯನೆಂದು ಕರೆದುಕೊಂಡದ್ದು ಬರೀ ವಿನಯದ ಮಾತಾಗಿರಲಾರದು.

ಅವರ ಬಾವಮೈದುನ ಬೆನಗಲ್ ರಾಮರಾಯರು ನಡೆಸುತ್ತಿದ್ದ ಸುವಾಸಿನಿ ಪತ್ರಿಕೆಯಲ್ಲಿ ೧೯೦೦ರ ಹೊತ್ತಿಗೆ ಪಂಜೆಯವರ ಕಥೆಗಳು, ಹರಟೆಗಳು ಪ್ರಕಟವಾದವು. ಕನ್ನಡದ ಸಣ್ಣಕಥೆಯ ಇತಿಹಾಸ ಬರೆಯುವವರು ಆ ಪುಟಗಳಿಂದಲೇ ತೊಡಗುವುದು ರೂಢಿ. ಸಾಹಿತ್ಯ ಚರಿತ್ರೆಯ ಆ ವಾದಗಳು ಇಲ್ಲಿ ಬೇಡ.

ಮಕ್ಕಳಿಗೆ ಬರೆದ ಕಥೆಗಳಲ್ಲಿ ಸಿಗಡಿ ಯಾಕೆ ಒಣಗಲಿಲ್ಲ ಎಂಬುದನ್ನು ಮಾತ್ರ ಬಿಡುವಂತಿಲ್ಲ. ಕರಾವಳಿಯ ಮನೆಯಂಗಳದಲ್ಲಿ ಬಿಸಿಲಿಗೆ ಹಾಕುವ ಸಿಗಡಿ ಒಣಗಿಲ್ಲ. ಏಕೆ ಎಂದು ಕೇಳಿದರೆ ಕಾರಣ ಇನ್ನೊಂದರ ಮೇಲೆ. ಅದನ್ನು ಕೇಳಿದರೆ ಮತ್ತೊಂದರ ಮೇಲೆ. ಹೀಗೆ ಒಂದು ಉತ್ತರವೇ ಮುಂದಿನ ಪ್ರಶ್ನೆಯಾಗುತ್ತ, ಕಣ್ಣಿಗೆ ಕಾಣುವ ತೊಂದರೆಯಿಂದ ಕಾಣದ ಮೂಲದವರೆಗೆ ಮಗು ತಾನಾಗಿಯೇ ಹಿಂದಕ್ಕೆ ನಡೆಯುತ್ತದೆ. ಕಂಪ್ಯೂಟರ್ ಪ್ರಯೋಗಾಲಯದಲ್ಲಿ ತಪ್ಪು ಉತ್ತರ ಕೊಡುವ ಪ್ರೋಗ್ರಾಮಿನ ಮುಂದೆ ಕುಳಿತ ವಿದ್ಯಾರ್ಥಿ ಮಾಡಬೇಕಾದದ್ದೂ ಇದನ್ನೇ. ಪರದೆಯ ಮೇಲಿನ ದೋಷದಿಂದ ಸಾಲು ಸಾಲಾಗಿ ಹಿಂದಕ್ಕೆ ಹೋಗಿ ಮೂಲ ಹುಡುಕುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪೀಠಿಕೆ ಈ ವರದಿಗಾರನಿಗಂತೂ ಕಂಡಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಇಂಗ್ಲಿಷ್ ಪಠ್ಯದ ಮುಂದೆ ಕಂಗಾಲಾಗುವ ಮಕ್ಕಳು ಈ ತಾಲ್ಲೂಕುಗಳಲ್ಲಿ ಬೇಕಾದಷ್ಟಿದ್ದಾರೆ. ಸಿಗಡಿಯನ್ನು ಮಾತ್ರ ಅವರೆಲ್ಲ ಬಲ್ಲರು.

ಕಾಲೇಜಿನ ಪಂಡಿತರಾಗಿದ್ದ ಪಂಜೆಯವರು ಬಳಿಕ ಶಾಲಾ ತನಿಖಾ ಇಲಾಖೆಗೆ ಬಂದರು. ಅವರ ವೃತ್ತಿಜೀವನದ ಅತ್ಯಂತ ಕಷ್ಟದ ತಿರುವು ಇದೇ ಇರಬೇಕು. ಇನ್‌ಸ್ಪೆಕ್ಟರ್ ಎಂದರೆ ಅಂದಿನ ಹಳ್ಳಿಯ ಮೇಷ್ಟ್ರಿಗೆ ನಡುಕ. ಮಕ್ಕಳು ಪರೀಕ್ಷೆಯಲ್ಲಿ ಹೇಗೆ ಉತ್ತರಿಸುತ್ತಾರೆ ಎಂಬುದನ್ನು ನೋಡಿ ಶಾಲೆಗೆ ಸಹಾಯಧನ ಕೊಡುವ ಪದ್ಧತಿ ಮದ್ರಾಸ್ ಪ್ರಾಂತ್ಯದಲ್ಲಿ ಬಹುಕಾಲ ನಡೆದಿತ್ತು. ಹೀಗಾಗಿ ಮೇಷ್ಟ್ರ ಅನ್ನ ಹುಡುಗರ ಬಾಯಿಪಾಠದ ಮೇಲೆ ನಿಂತಿತ್ತು. ಪಾಠಕ್ಕಿಂತ ಪರೀಕ್ಷೆಯ ತಾಲೀಮೇ ಹೆಚ್ಚಾಗಿತ್ತು. ತನಿಖೆಗೆ ಬಂದ ಅಧಿಕಾರಿ ಕುರ್ಚಿಯಲ್ಲಿ ಕುಳಿತು ತಪ್ಪು ಎಣಿಸುವುದು ವಾಡಿಕೆ. ಪಂಜೆಯವರು ಮಕ್ಕಳ ನಡುವೆ ನಿಂತು ಕಥೆ ಹೇಳಿದರು, ಅಭಿನಯಿಸಿದರು, ಹಾಡಿ ಹಾಡಿಸಿದರು. ಗೋಡೆಗೆ ಒರಗಿ ನಿಂತ ಮೇಷ್ಟ್ರಿಗೆ ಅದು ಬೈಗುಳವಿಲ್ಲದ ತರಬೇತಿ. ಪಾಠ ಹೀಗೂ ಮಾಡಬಹುದು ಎಂಬುದನ್ನು ಸುತ್ತೋಲೆ ಹೊರಡಿಸಿ ತಿಳಿಸುವುದಕ್ಕಿಂತ ಕಣ್ಣೆದುರು ಮಾಡಿ ತೋರಿಸುವುದು ಮೇಲು.

ಇಂದು ಅಧ್ಯಾಪಕರ ವೃತ್ತಿ ವಿಕಾಸ ಎಂಬ ದೊಡ್ಡ ಹೆಸರಿನಲ್ಲಿ ಎರಡು ದಿನ, ಐದು ದಿನಗಳ ಕಾರ್ಯಾಗಾರಗಳು ನಡೆಯುತ್ತವೆ. ಪ್ರಮಾಣಪತ್ರ ಸಿಗುತ್ತದೆ. ಆದರೆ ಪಕ್ಕದ ಕಾಲೇಜಿನ ಸಹೋದ್ಯೋಗಿಯ ತರಗತಿಯಲ್ಲಿ ಒಂದು ಗಂಟೆ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವ ಅವಕಾಶ ಎಷ್ಟು ಮಂದಿ ಕಂಪ್ಯೂಟರ್ ಅಧ್ಯಾಪಕರಿಗೆ ಇದೆ? ಸರ್ಕಾರಿ ಪ್ರೌಢಶಾಲೆಗಳ ಸ್ಥಿತಿ ಇನ್ನೂ ಬಿಗಡಾಯಿಸಿತ್ತು. ೨೦೦೦ದ ದಶಕದ ಆರಂಭದ ಮಾಹಿತಿ ಸಿಂಧು ಯೋಜನೆಯಲ್ಲಿ ಕಂಪ್ಯೂಟರ್ ಬೋಧಕರು ಬಂದದ್ದು ಖಾಸಗಿ ಸಂಸ್ಥೆಗಳ ಮೂಲಕ. ಇಲಾಖೆಯ ಅಧ್ಯಾಪಕರ ಸಾಲಿನಲ್ಲಿ ಅವರಿಗೆ ಜಾಗವಿರಲಿಲ್ಲ. ಅಂದಿನ ಕನ್ನಡ ಪಂಡಿತನಿಗೆ ಕಡಿಮೆ ಸಂಬಳದ ಕುರ್ಚಿಯಾದರೂ ಒಂದಿತ್ತು.

ಪಂಜೆಯವರ ಸೇವೆಯ ಕೊನೆಯ ಭಾಗ ಕಳೆದದ್ದು ಕೊಡಗಿನಲ್ಲಿ. ಅದು ಆಗ ಮದ್ರಾಸಿಗೆ ಸೇರದ, ಪ್ರತ್ಯೇಕ ಆಡಳಿತವಿದ್ದ ಪ್ರಾಂತ. ತುಳು ಸೀಮೆಯ ಈ ಮೇಷ್ಟ್ರು ಆ ಗುಡ್ಡಗಾಡಿಗೆ ಹೊರಗಿನವರು. ಹೊರಗಿನವರಾಗಿ ಉಳಿಯಲಿಲ್ಲ ಎಂಬುದಕ್ಕೆ ಸಾಕ್ಷಿ ಹುತ್ತರಿ ಹಾಡು. ಸುಗ್ಗಿಯ ಹಬ್ಬದ ಹೆಸರಿನಲ್ಲಿ ಕೊಡಗಿನ ನಾಡು, ನದಿ, ವೀರರನ್ನು ಹಾಡಿದ ಆ ಕವಿತೆಯನ್ನು ಕೊಡಗು ತನ್ನದೆಂದೇ ತೆಗೆದುಕೊಂಡಿತು. ತಾನು ಪಾಠ ಹೇಳುವ ಮಕ್ಕಳ ಊರನ್ನು ಅವರಿಗಿಂತ ಹೆಚ್ಚಾಗಿ ನೋಡಿ ತಿಳಿದುಕೊಂಡವರು ಮಾತ್ರ ಬರೆಯಬಹುದಾದ ಹಾಡು ಅದು.

ಒಬ್ಬರೇ ಬರೆದು ಮುಗಿಯುವ ಕೆಲಸ ಇದಲ್ಲ ಎಂಬುದೂ ಅವರಿಗೆ ತಿಳಿದಿತ್ತು. ೧೯೨೦ರ ದಶಕದಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿ, ಇತರ ಅಧ್ಯಾಪಕರನ್ನೂ ಬರಹಗಾರರನ್ನೂ ಜತೆಗೂಡಿಸಿ, ಮಕ್ಕಳಿಗೆ ಪುಸ್ತಕಗಳನ್ನು ತಂದರು. ತುಳುನಾಡಿನ ಅವಳಿ ವೀರರ ಪಾಡ್ದನವನ್ನು ಕನ್ನಡ ಗದ್ಯಕ್ಕೆ ತಂದ ಅವರ ಕೋಟಿ ಚೆನ್ನಯ ೧೯೨೪ರಲ್ಲಿ ಹೊರಬಂತು. ಆ ವೀರರು ಸುತ್ತಿದ ಸೀಮೆಯಲ್ಲಿ ಪಂಜವೂ ಒಂದು. ತಂತಮ್ಮ ತರಗತಿಗೆಂದು ಸಿದ್ಧಪಡಿಸಿದ ಟಿಪ್ಪಣಿಗಳನ್ನು ಪಕ್ಕದ ಕಾಲೇಜಿಗೂ ತೋರಿಸದೆ ಬಚ್ಚಿಡುವ ಇಂದಿನ ಕೆಲವು ಅಧ್ಯಾಪಕರು ಈ ಮಂಡಲದ ಕತೆಯನ್ನು ಒಮ್ಮೆ ಓದಬಹುದು.

೧೯೩೪ರಲ್ಲಿ, ಆಗ ನಿಜಾಮರ ರಾಜ್ಯದಲ್ಲಿದ್ದ ರಾಯಚೂರಿನಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರು ಅಧ್ಯಕ್ಷರಾದರು. ಪಂಡಿತನ ಹುದ್ದೆಯಿಂದ ಹೊರಟವರಿಗೆ ನಾಡು ಕೊಟ್ಟ ದೊಡ್ಡ ಮನ್ನಣೆ ಅದು. ಆ ವೇಳೆಗೆ ಅವರ ಕೈಕೆಳಗೆ ಓದಿದ್ದ ಮಂಜೇಶ್ವರದ ಗೋವಿಂದ ಪೈಗಳು ಸ್ವತಃ ನಾಡಿನ ಹಿರಿಯ ಕವಿಯಾಗಿ ಹೆಸರಾಗಿದ್ದರು. ಮೂರು ವರ್ಷಗಳ ಬಳಿಕ, ೧೯೩೭ರ ಅಕ್ಟೋಬರಿನಲ್ಲಿ, ಬಂಟ್ವಾಳದಿಂದ ದೂರದ ಹೈದರಾಬಾದಿನಲ್ಲಿ ಪಂಜೆಯವರು ಕೊನೆಯುಸಿರೆಳೆದರು. ಆಗ ಅವರಿಗೆ ೬೩ ವರ್ಷ. ಅವರ ನಾಗರಹಾವಿನ ಪದ್ಯ ಅಷ್ಟರಲ್ಲಾಗಲೇ, ಬರೆದವರ ಹೆಸರು ಗೊತ್ತಿಲ್ಲದ ಮಕ್ಕಳ ಬಾಯಲ್ಲೂ ಇತ್ತು.