ಕೃಷ್ಣದೇವರಾಯನ ಚದುರಂಗ

ಹಂಪಿಯ ಮಂಟಪಗಳ ಹಾಸುಗಲ್ಲುಗಳನ್ನು ಗಮನವಿಟ್ಟು ನೋಡಿದರೆ ಅಲ್ಲಲ್ಲಿ ಕೊರೆದ ಗೆರೆಗಳೂ ಸಣ್ಣ ಸಣ್ಣ ಗುಳಿಗಳೂ ಕಾಣುತ್ತವೆ. ಅವು ಹುಲಿ-ಕುರಿ, ಚೌಕಾಬಾರ, ಅಳಿಗುಳಿಮನೆ ಮೊದಲಾದ ಆಟಗಳ ಮನೆಗಳು. ಬಿಡುವಿನ ಹೊತ್ತನ್ನು ನೆರಳಿನಲ್ಲಿ ಕಳೆದ ಜನರ ಗುರುತುಗಳು ಅವು. ಜನರು ಮಂಟಪದ ನೆಲದ ಮೇಲೆ ಆಡಿದರೆ ಅವರ ದೊರೆ ಅರಮನೆಯಲ್ಲಿ ಚದುರಂಗವಾಡುತ್ತಿದ್ದನು. ವಿಜಯನಗರದ ಅರಸರಲ್ಲಿ ಶ್ರೇಷ್ಠನೆಂದು ಹೆಸರಾದ ಕೃಷ್ಣದೇವರಾಯನಿಗೆ ಈ ಆಟದಲ್ಲಿ ಬಹಳ ಒಲವಿತ್ತೆಂದು ಪ್ರತೀತಿಯಿದೆ. ಬೊಡ್ಡುಚೆರ್ಲ ತಿಮ್ಮನನೆಂಬ ಪಂಡಿತನು ಚದುರಂಗದಲ್ಲಿ ರಾಯನನ್ನೇ ಸೋಲಿಸುವಷ್ಟು ನಿಪುಣನಾಗಿದ್ದನೆಂದೂ, ರಾಯನು ಮುನಿಯದೆ ಅವನ ಜಾಣ್ಮೆಯನ್ನು ಮೆಚ್ಚಿ ಕೊಪ್ಪೋಲು ಎಂಬ ಗ್ರಾಮವನ್ನು ದಾನವಾಗಿ ಕೊಟ್ಟನೆಂದೂ ಹೇಳುತ್ತಾರೆ. ತನ್ನನ್ನು ಸೋಲಿಸಿದವನಿಗೆ ಊರನ್ನು ಕೊಡಬಲ್ಲ ದೊರೆ ನಿಜವಾದ ಆಟಗಾರನೇ ಸರಿ.

ತಿಮ್ಮನನೊಡನೆ ರಾಯನಾಡಿದ ಆಟಗಳ ನಡೆಗಳನ್ನು ಯಾರೂ ಬರೆದಿಡಲಿಲ್ಲ. ಆದರೆ ಅವನು ರಾಜ್ಯವೆಂಬ ದೊಡ್ಡ ಹಾಸಿನ ಮೇಲೆ ಇಟ್ಟ ನಡೆಗಳು ಶಾಸನಗಳಲ್ಲಿಯೂ ಪೋರ್ಚುಗೀಸ್ ಪ್ರವಾಸಿಗಳ ಬರಹಗಳಲ್ಲಿಯೂ ಉಳಿದಿವೆ. ಅವುಗಳನ್ನು ಅರಿಯಬೇಕಾದರೆ ಚದುರಂಗದ ಆರಂಭವೆಂದರೇನೆಂಬುದನ್ನು ಮೊದಲು ತಿಳಿಯಬೇಕು.

ಚದುರಂಗದ ಆಟವನ್ನು ಆರಂಭ, ಮಧ್ಯ, ಅಂತ್ಯ ಎಂದು ಮೂರು ಭಾಗಗಳಾಗಿ ವಿಂಗಡಿಸುವುದುಂಟು. ಆಟ ಮೊದಲಾಗುವಾಗ ಎರಡು ಪಕ್ಷಗಳ ಬಲವೂ ಸಮ. ಒಂದೊಂದು ಕಡೆಗೆ ಹದಿನಾರು ಕಾಯಿಗಳು. ಇಂದಿನ ನಿಯಮದಂತೆ ಬಿಳಿಯ ಕಾಯಿಗಳನ್ನು ಹಿಡಿದವನು ತನ್ನ ಮೊದಲ ನಡೆಯನ್ನು 20 ಬಗೆಗಳಲ್ಲಿ ಇಡಬಹುದು. ಎದುರಾಳಿಯೂ ಒಂದು ನಡೆಯಿಟ್ಟನೆಂದರೆ ಹಾಸಿನ ಮೇಲೆ 400 ಬಗೆಯ ಸನ್ನಿವೇಶಗಳು ಸಾಧ್ಯ. ಇಷ್ಟರಲ್ಲಿ ಒಂದನ್ನು ಆರಿಸಿಕೊಳ್ಳುವಾಗ ಸಾಮಾನ್ಯ ಆಟಗಾರನು ಎದುರಾಳಿಯ ಯಾವ ಕಾಯಿಯನ್ನು ಬೇಗ ಹೊಡೆಯಬಹುದೆಂದು ನೋಡುತ್ತಾನೆ. ನುರಿತ ಆಟಗಾರನಾದರೋ ತನ್ನ ಕಾಯಿಗಳನ್ನು ಒಂದೊಂದಾಗಿ ಹೊರತರುತ್ತಾನೆ. ಹಾಸಿನ ನಡುವಣ ಮನೆಗಳ ಮೇಲೆ ಹಿಡಿತ ಸಾಧಿಸುತ್ತಾನೆ. ರಾಜನನ್ನು ಭದ್ರವಾದ ಮನೆಯಲ್ಲಿರಿಸುತ್ತಾನೆ. ಸಿದ್ಧತೆ ಮುಗಿಯುವ ತನಕ ಕಾಳಗಕ್ಕೆ ಕೈಹಾಕುವುದಿಲ್ಲ.

ಜಗತ್ತಿನ ಅಗ್ರಶ್ರೇಣಿಯ ಆಟಗಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಎದುರಾಳಿಯ ಹಿಂದಿನ ಆಟಗಳನ್ನು ತಿಂಗಳುಗಟ್ಟಲೆ ಅಭ್ಯಾಸಮಾಡಿ, ತಮಗೆ ಪಳಗಿದ, ಅವನಿಗೆ ಒಗ್ಗದ ಆರಂಭವನ್ನು ಆರಿಸಿಕೊಳ್ಳುತ್ತಾರೆ. 2008ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ವಿಶ್ವನಾಥನ್ ಆನಂದ್ ಅವರು ವ್ಲಾದಿಮಿರ್ ಕ್ರಾಮ್ನಿಕ್ ಅವರೊಡನೆ ವಿಶ್ವಪದವಿಗಾಗಿ ಆಡಿದರು. ಅದುವರೆಗೆ ಆನಂದ್ ಅವರು ಹೆಚ್ಚಾಗಿ ರಾಜನ ಮುಂದಿನ ಕಾಲಾಳನ್ನು ನಡೆಸಿ ಆಟವನ್ನು ಆರಂಭಿಸುತ್ತಿದ್ದರು. ಅಂದು ಅವರು ಮಂತ್ರಿಯ ಮುಂದಿನ ಕಾಲಾಳನ್ನು ನಡೆಸಿ ಎದುರಾಳಿಯನ್ನು ಅಚ್ಚರಿಗೊಳಿಸಿದರು. ಆರೂವರೆಗೆ ನಾಲ್ಕೂವರೆ ಅಂಕಗಳಿಂದ ಗೆದ್ದು ಪದವಿಯನ್ನು ಉಳಿಸಿಕೊಂಡರು.

ನಮ್ಮ ನಾಡಿನ ಹಳೆಯ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದೆ ಹೋಗುತ್ತಿತ್ತು. ಇಂದಿನಂತೆ ಎರಡು ಮನೆ ಹಾರುತ್ತಿರಲಿಲ್ಲ. ಆದುದರಿಂದ ಎರಡು ಸೇನೆಗಳು ಎದುರುಬದುರಾಗಲು ಹೊತ್ತು ಹಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಬಲವನ್ನು ಅಣಿಗೊಳಿಸಿಕೊಳ್ಳುವ ತಾಳ್ಮೆಯೇ ಆಟಗಾರನ ಮುಖ್ಯ ಗುಣವಾಗಿತ್ತು. ಕೃಷ್ಣದೇವರಾಯನ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಕಾಣುವುದೂ ಇದೇ ತಾಳ್ಮೆ.

ಕೃಷ್ಣದೇವರಾಯನು ತುಳುವ ವಂಶದ ನರಸನಾಯಕನ ಮಗ, ತಾಯಿ ನಾಗಲಾದೇವಿ. ಅಣ್ಣ ವೀರನರಸಿಂಹನ ಮರಣಾನಂತರ 1509ರಲ್ಲಿ ಅವನು ಸಿಂಹಾಸನವನ್ನೇರಿದನು. ಪಟ್ಟಾಭಿಷೇಕದ ನೆನಪಿಗಾಗಿ ವಿರೂಪಾಕ್ಷ ದೇವಾಲಯಕ್ಕೆ ರಂಗಮಂಟಪವನ್ನು ಕಟ್ಟಿಸಿದುದನ್ನು ಅಲ್ಲಿಯ 1510ರ ಶಾಸನವು ತಿಳಿಸುತ್ತದೆ. ಆಗ ರಾಜ್ಯದ ಸ್ಥಿತಿ ಸುಖಕರವಾಗಿರಲಿಲ್ಲ. ಉತ್ತರದಲ್ಲಿ ಬಹಮನಿ ರಾಜ್ಯವು ಒಡೆದು ಹುಟ್ಟಿದ ಸುಲ್ತಾನರು, ಪೂರ್ವದಲ್ಲಿ ಉದಯಗಿರಿ, ಕೊಂಡವೀಡುಗಳನ್ನು ಹಿಡಿದಿದ್ದ ಒರಿಸ್ಸಾದ ಗಜಪತಿ, ದಕ್ಷಿಣದಲ್ಲಿ ದಂಗೆಯೆದ್ದ ಉಮ್ಮತ್ತೂರಿನ ಪಾಳೆಯಗಾರ, ಪಶ್ಚಿಮದ ಕಡಲತೀರದಲ್ಲಿ ಹೊಸದಾಗಿ ಬಂದಿಳಿದ ಪೋರ್ಚುಗೀಸರು — ಹೀಗೆ ನಾಲ್ಕು ದಿಕ್ಕುಗಳಲ್ಲಿಯೂ ಚಿಂತೆಗೆ ಕಾರಣವಿತ್ತು.

ಅವಸರದ ನಡೆಯ ಫಲವೇನೆಂಬುದಕ್ಕೆ ರಾಜಧಾನಿಯ ಸಮೀಪದಲ್ಲಿಯೇ ನಿದರ್ಶನವಿತ್ತು. ಸುಮಾರು ಇನ್ನೂರು ವರ್ಷಗಳ ಹಿಂದೆ ತುಂಗಭದ್ರೆಯ ದಡದ ಕಂಪ್ಲಿಯಲ್ಲಿ ಕಂಪಿಲರಾಯನು ಆಳುತ್ತಿದ್ದನು. ದೆಹಲಿಯ ಸುಲ್ತಾನನ ವೈರಿಗೆ ಆಶ್ರಯವಿತ್ತು ಅವನು ಧೀರತನವನ್ನು ಮೆರೆದನು. ಆದರೆ ದೆಹಲಿಯ ದಂಡನ್ನು ತಡೆಯುವ ಬಲ ಆ ಚಿಕ್ಕ ರಾಜ್ಯಕ್ಕಿರಲಿಲ್ಲ. 1327ರ ಸುಮಾರಿಗೆ ಅದು ಅಳಿಯಿತು. ಧೈರ್ಯವೊಂದೇ ಸಾಲದು, ಸಿದ್ಧತೆಯೂ ಬೇಕು ಎಂಬ ಪಾಠವನ್ನು ಕಂಪ್ಲಿಯ ಕಥೆ ಸಾರುತ್ತಿತ್ತು.

ಪಟ್ಟವೇರಿದ ಹೊಸದರಲ್ಲಿ ಉತ್ತರದಿಂದ ಬಂದ ಸೇನೆಯನ್ನು ರಾಯನು ಹಿಮ್ಮೆಟ್ಟಿಸಿದನು. ಆದರೆ ಆ ಗೆಲುವಿನ ಹುರುಪಿನಲ್ಲಿ ಸುಲ್ತಾನರ ನಾಡಿನೊಳಕ್ಕೆ ದೂರ ನುಗ್ಗಲಿಲ್ಲ. ಬೆನ್ನ ಹಿಂದೆ ದಂಗೆಯನ್ನು ಬಿಟ್ಟು ಮುಂದೆ ಹೋಗುವುದು ರಾಜನನ್ನು ಬಯಲಿನಲ್ಲಿರಿಸಿ ಕುದುರೆಗಳನ್ನು ದೂರ ಓಡಿಸಿದಂತೆ. ಆದುದರಿಂದ ಅವನು ಮೊದಲು ದಕ್ಷಿಣಕ್ಕೆ ತಿರುಗಿದನು. ಉಮ್ಮತ್ತೂರಿನ ಗಂಗರಾಜನು ಕಾವೇರಿಯ ನಡುವಣ ಶಿವನಸಮುದ್ರದ ಕೋಟೆಯನ್ನು ನೆಚ್ಚಿಕೊಂಡಿದ್ದನು. ರಾಯನ ಸೇನೆಯು ಅದನ್ನು ಮುತ್ತಿ ಗೆದ್ದಿತು. ಗಂಗರಾಜನು ನದಿಯಲ್ಲಿ ಮುಳುಗಿ ಸತ್ತನು. ಶ್ರೀರಂಗಪಟ್ಟಣವು ಆ ಪ್ರಾಂತದ ಆಡಳಿತದ ಕೇಂದ್ರವಾಯಿತು. 1512ರ ವೇಳೆಗೆ ಮನೆಯ ಒಳಗು ಭದ್ರವಾಯಿತು.

ಪಶ್ಚಿಮದಲ್ಲಿ ಅವನು ಇಟ್ಟ ನಡೆ ಬೇರೆ ಬಗೆಯದು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. ಅರೇಬಿಯ, ಪರ್ಷಿಯ ದೇಶಗಳಿಂದ ಬರುವ ಯುದ್ಧದ ಕುದುರೆಗಳು ಇನ್ನು ಅವರ ಕೈಯಿಂದಲೇ ಬರಬೇಕಾಗಿತ್ತು. ಕುದುರೆಯಿಲ್ಲದೆ ಸುಲ್ತಾನರ ರಾವುತರನ್ನು ಎದುರಿಸುವುದು ಅಸಾಧ್ಯ. ಇದನ್ನರಿತ ರಾಯನು ಅವರೊಡನೆ ಕಾಳಗಕ್ಕೆ ನಿಲ್ಲದೆ ಸ್ನೇಹವನ್ನು ಬೆಳೆಸಿದನು.

ಅನಂತರ ಪೂರ್ವದ ಸರದಿ ಬಂದಿತು. 1513ರಲ್ಲಿ ಅವನು ಉದಯಗಿರಿಯ ಕೋಟೆಗೆ ಮುತ್ತಿಗೆ ಹಾಕಿದನು. ಈಗಿನ ನೆಲ್ಲೂರು ಜಿಲ್ಲೆಯಲ್ಲಿರುವ ಆ ಕೋಟೆಯು ಕಡಿದಾದ ಬೆಟ್ಟದ ಮೇಲಿದೆ. ಏಕಾಏಕಿ ಏರಿಹೋಗಿ ಜನರನ್ನು ಬಲಿಗೊಡುವ ಬದಲು ಅವನು ಬಂಡೆಗಳನ್ನು ಒಡೆಯಿಸಿ ದಾರಿ ಮಾಡಿಸಿದನು. ಸುಮಾರು ಒಂದೂವರೆ ವರ್ಷದ ಮುತ್ತಿಗೆಯ ಬಳಿಕ 1514ರಲ್ಲಿ ಕೋಟೆ ವಶವಾಯಿತು. ಅಲ್ಲಿಂದ ತಂದ ಬಾಲಕೃಷ್ಣನ ವಿಗ್ರಹವನ್ನು ಹಂಪಿಯಲ್ಲಿ ಹೊಸ ದೇವಾಲಯವನ್ನು ಕಟ್ಟಿಸಿ 1515ರಲ್ಲಿ ಪ್ರತಿಷ್ಠಿಸಿದನು. ಇಂದಿಗೂ ಅಲ್ಲಿ ನಿಂತಿರುವ ಕೃಷ್ಣದೇವಾಲಯ ಅದೇ. ಅದೇ ವರ್ಷ ಕೊಂಡವೀಡು ಬಿದ್ದಿತು. ಮಂತ್ರಿ ತಿಮ್ಮರಸನ ಬುದ್ಧಿಬಲವು ಈ ದಂಡಯಾತ್ರೆಗಳಲ್ಲಿ ರಾಯನಿಗೆ ಬೆನ್ನೆಲುಬಾಗಿತ್ತು. ಸೇನೆಯು ಕೊಂಡಪಲ್ಲಿಯನ್ನು ದಾಟಿ ಮುಂದೆ ಸಾಗಿತು. 1516ರಲ್ಲಿ ರಾಯನು ಸಿಂಹಾಚಲದ ನರಸಿಂಹನಿಗೆ ಕಾಣಿಕೆಗಳನ್ನು ಅರ್ಪಿಸಿದನು.

ಗೆದ್ದ ಮೇಲೆ ಅವನು ನಡೆದುಕೊಂಡ ರೀತಿ ಇನ್ನೂ ಮೆಚ್ಚತಕ್ಕದ್ದು. ಗಜಪತಿ ಪ್ರತಾಪರುದ್ರನೊಡನೆ ಸಂಧಿ ಮಾಡಿಕೊಂಡು, ಅವನ ಮಗಳನ್ನು ಮದುವೆಯಾಗಿ, ಕೃಷ್ಣಾ ನದಿಯ ಉತ್ತರಕ್ಕೆ ಗೆದ್ದ ನಾಡನ್ನು ಅವನಿಗೇ ಹಿಂದಿರುಗಿಸಿದನು. ಕೆಲವು ಮನೆಗಳನ್ನು ಬಿಟ್ಟುಕೊಟ್ಟು ಒಂದು ದಿಕ್ಕಿನ ಭಯವನ್ನೇ ನೀಗಿಕೊಂಡನು. ಈಗ ಅವನ ಬಲವೆಲ್ಲ ಒಂದೇ ಕಡೆಗೆ, ಉತ್ತರಕ್ಕೆ, ತಿರುಗಲು ಅಣಿಯಾಯಿತು.

ಕೃಷ್ಣಾ-ತುಂಗಭದ್ರೆಗಳ ನಡುವಣ ರಾಯಚೂರು ನಾಡಿಗಾಗಿ ಎರಡು ರಾಜ್ಯಗಳು ಬಹುಕಾಲದಿಂದ ಕಾದಾಡುತ್ತಿದ್ದವು. ಪೋರ್ಚುಗೀಸ್ ವರ್ತಕ ನೂನಿಜನು ಬರೆದಿರುವಂತೆ, ಕುದುರೆಗಳನ್ನು ಕೊಳ್ಳಲು ರಾಯನು 40,000 ವರಹಗಳನ್ನು ಕೊಟ್ಟು ಕಳುಹಿಸಿದ ಸಿದಿ ಮರ್ಕಾರನೆಂಬವನು ಹಣದೊಡನೆ ಆದಿಲ್‌ಖಾನನ ಆಶ್ರಯಕ್ಕೆ ಓಡಿಹೋದನು. ಅವನನ್ನು ಒಪ್ಪಿಸಬೇಕೆಂದು ರಾಯನು ಕೇಳಿದನು, ಆದಿಲ್‌ಖಾನನು ಒಪ್ಪಿಸಲಿಲ್ಲ. ಯುದ್ಧಕ್ಕೆ ಕಾರಣ ದೊರೆಯಿತು. ರಾಯನು ರಾಯಚೂರಿಗೆ ಮುತ್ತಿಗೆ ಹಾಕಿದನು. ಇಸ್ಮಾಯಿಲ್ ಆದಿಲ್‌ಖಾನನು ಕೃಷ್ಣೆಯನ್ನು ದಾಟಿ ಬಂದನು.

1520ರ ಮೇ 19ರಂದು ಎರಡು ಸೇನೆಗಳೂ ಕೈಗೂಡಿದವು. ಎಷ್ಟೇ ಸಿದ್ಧತೆಯಿದ್ದರೂ ಆರಂಭವು ಎಣಿಸಿದಂತೆ ಸಾಗುವುದಿಲ್ಲವೆಂಬುದು ಅಂದು ತಿಳಿಯಿತು. ಆದಿಲ್‌ಖಾನನ ಫಿರಂಗಿಗಳು ಒಟ್ಟಿಗೆ ಗುಂಡಿನ ಮಳೆಗರೆದಾಗ ವಿಜಯನಗರದ ಮುಂದಣ ಸಾಲು ಮುರಿದು ಹಿಂದಕ್ಕೋಡಿತು. ರಾಯನು ಎದೆಗುಂದಲಿಲ್ಲ. ಕಾದಿರಿಸಿದ್ದ ಎರಡನೆಯ ಸಾಲನ್ನು ಕರೆದುಕೊಂಡು ತಾನೇ ಕುದುರೆಯೇರಿ ಮುನ್ನುಗ್ಗಿದನು. ಶತ್ರುಸೇನೆಯು ನದಿಯವರೆಗೆ ಹಿಮ್ಮೆಟ್ಟಿತು, ಹಲವರು ನೀರುಪಾಲಾದರು. ಬಳಿಕ ಕ್ರಿಸ್ಟೊವಾವ್ ಡಿ ಫಿಗೆರೆಡೊ ಎಂಬ ಪೋರ್ಚುಗೀಸನು ಇಪ್ಪತ್ತರಷ್ಟು ಸಂಗಡಿಗರೊಡನೆ ಬಂದು ಕೋಟೆಯ ಮೇಲಿನವರನ್ನು ಕೋವಿಗಳಿಂದ ಹೊಡೆದುರುಳಿಸತೊಡಗಿದನು. ಹೊಸ ಆಯುಧದ ಎದುರು ಕೋಟೆಯವರು ನಿಲ್ಲಲಾರದೆ ಶರಣಾದರು.

ಯುದ್ಧವಿಲ್ಲದ ದಿನಗಳಲ್ಲಿಯೂ ರಾಯನ ಸಿದ್ಧತೆ ನಿಲ್ಲುತ್ತಿರಲಿಲ್ಲ. ಅವನು ಬೆಳಗಿನ ಜಾವಕ್ಕೆ ಮೊದಲೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆ ಎಣ್ಣೆ ಹಚ್ಚಿ, ಭಾರವೆತ್ತಿ, ಕತ್ತಿವರಸೆ ಮಾಡಿ, ಜಟ್ಟಿಯೊಡನೆ ಕುಸ್ತಿಯಾಡಿ, ಕುದುರೆಯೇರಿ ಸುತ್ತಾಡುತ್ತಿದ್ದನೆಂದು ಪ್ರವಾಸಿ ಪಾಯಸನು ಬರೆದಿದ್ದಾನೆ. ಸೇನೆಗೆ ಅನ್ನ ಬೇಕು, ಅನ್ನಕ್ಕೆ ನೀರು ಬೇಕು ಎಂಬುದನ್ನೂ ಅವನು ಮರೆಯಲಿಲ್ಲ. ತಾಯಿಯ ಹೆಸರಿನ ನಾಗಲಾಪುರವನ್ನು, ಎಂದರೆ ಇಂದಿನ ಹೊಸಪೇಟೆಯನ್ನು, ಅವನು ನೆಲೆಗೊಳಿಸಿದನು. ಸಂಡೂರಿನ ಬೆಟ್ಟಸಾಲು ಹೊಸಪೇಟೆಯ ಕಡೆಗೆ ಚಾಚುವಲ್ಲಿ ಎರಡು ಗುಡ್ಡಗಳ ನಡುವೆ ದೊಡ್ಡ ಏರಿಯನ್ನು ಹಾಕಿಸಿ ಕೆರೆಯನ್ನು ಕಟ್ಟಿಸಿದನು. ಪೋರ್ಚುಗೀಸ್ ಕುಶಲಿಯೊಬ್ಬನ ನೆರವು ಅದಕ್ಕಿತ್ತು. ಹದಿನೈದು ಇಪ್ಪತ್ತು ಸಾವಿರ ಜನ ಅಲ್ಲಿ ಇರುವೆಗಳಂತೆ ದುಡಿಯುತ್ತಿದ್ದುದನ್ನು ಪಾಯಸನು ಕಂಡನು. ಏರಿ ಎರಡು ಮೂರು ಸಲ ಒಡೆದರೂ ರಾಯನು ಕೆಲಸವನ್ನು ಕೈಬಿಡಲಿಲ್ಲ. 1521ರ ವೇಳೆಯಲ್ಲಿ ತೋಡಿಸಿದ ಬಸವಣ್ಣ ಕಾಲುವೆ ಹೊಸಪೇಟೆಯ ಹೊಲಗದ್ದೆಗಳಿಗೆ ನೀರುಣಿಸಿತು.

ಇಷ್ಟೆಲ್ಲ ಬಲ್ಲ ರಾಯನು ಬಾಳಿನ ಕೊನೆಯ ಭಾಗದಲ್ಲಿ ಎಡವಿದುದೂ ಉಂಟು. ಸಂಧಿಯನ್ನು ಬಯಸಿದ ಆದಿಲ್‌ಖಾನನು ಬಂದು ತನ್ನ ಪಾದಕ್ಕೆ ಮುತ್ತಿಡಬೇಕೆಂದು ಅವನು ಹಟ ಹಿಡಿದನೆಂದು ನೂನಿಜನು ಹೇಳುತ್ತಾನೆ. ಗಜಪತಿಗೆ ತೋರಿದ ಔದಾರ್ಯವನ್ನು ಇಲ್ಲಿ ತೋರಲಿಲ್ಲ. ಗೆಲುವು ಬಂದರೂ ನೆಮ್ಮದಿ ಬರಲಿಲ್ಲ. ಅದಕ್ಕಿಂತಲೂ ದುಃಖಕರವಾದುದು ತಿಮ್ಮರಸನ ಪ್ರಸಂಗ. ರಾಯನು ಚಿಕ್ಕ ಮಗ ತಿರುಮಲನಿಗೆ 1524ರ ಸುಮಾರಿಗೆ ಪಟ್ಟ ಕಟ್ಟಿದನು. ಕೆಲವೇ ತಿಂಗಳಲ್ಲಿ ಆ ಕೂಸು ತೀರಿಕೊಂಡಿತು. ತಿಮ್ಮರಸನ ಮಗನು ವಿಷವಿಕ್ಕಿಸಿದನೆಂಬ ದೂರನ್ನು ನಂಬಿ ರಾಯನು, ತಾನು ಅಪ್ಪಾಜಿಯೆಂದು ಗೌರವಿಸುತ್ತಿದ್ದ ಮುದಿ ಮಂತ್ರಿಯನ್ನು ಸೆರೆಯಲ್ಲಿಟ್ಟು ಕಣ್ಣು ಕೀಳಿಸಿದನೆಂದು ನೂನಿಜನ ಬರಹದಿಂದ ತಿಳಿಯುತ್ತದೆ. ಒಂದೊಂದು ನಡೆಯನ್ನೂ ತೂಗಿ ಇಡುತ್ತಿದ್ದವನು ಪುತ್ರಶೋಕದಲ್ಲಿ ಒಂದು ದೂರನ್ನು ತೂಗಿ ನೋಡಲಾರದೆ ಹೋದನು. ತನ್ನ ಪಕ್ಷದ ಮಂತ್ರಿಯನ್ನು ತಾನೇ ಹಾಸಿನಿಂದ ತೆಗೆದನು. 1529ರಲ್ಲಿ ಅವನು ಕಾಲವಾದನು. ತಮ್ಮ ಅಚ್ಯುತರಾಯನು ಪಟ್ಟಕ್ಕೆ ಬಂದನು.

ಚದುರಂಗದಲ್ಲಿ ಹೊಡೆದ ಕಾಯಿಗಳನ್ನು ಆಟ ಮುಗಿದ ಮೇಲೆ ಮತ್ತೆ ಹಾಸಿನ ಮೇಲೆ ಜೋಡಿಸಬಹುದು. ರಾಯಚೂರಿನ ಬಯಲಿನಲ್ಲಿ ಬಿದ್ದವರು ಮತ್ತೆ ಏಳಲಿಲ್ಲ. ತಿಮ್ಮರಸನ ಕಣ್ಣುಗಳು ಮರಳಿ ಬರಲಿಲ್ಲ. ಅರಸನ ಆಟಕ್ಕೂ ಆಟಗಾರನ ಆಟಕ್ಕೂ ಇರುವ ದೊಡ್ಡ ಅಂತರವಿದು. ಮನೆಯನ್ನು ಭದ್ರಪಡಿಸಿಕೊಳ್ಳುವುದು, ಒಮ್ಮೆಗೆ ಒಂದೇ ದಿಕ್ಕನ್ನು ನೋಡುವುದು, ಎಣಿಕೆ ತಪ್ಪಿದಾಗ ಧೃತಿಗೆಡದಿರುವುದು — ಇವು ಕೃಷ್ಣದೇವರಾಯನ ಆರಂಭಗಳಿಂದ ಕಲಿಯತಕ್ಕ ಪಾಠಗಳು. ಮೊದಲ ನಡೆಯಲ್ಲಿ ತೋರಿದ ವಿವೇಕವನ್ನು ಕೊನೆಯ ನಡೆಯವರೆಗೂ ಕಾಯ್ದುಕೊಳ್ಳಬೇಕೆಂಬುದು ಅವನ ಅಂತ್ಯದಿಂದ ಕಲಿಯತಕ್ಕ ಪಾಠ.